ಅನ್‌ಡೂ ಬೇಡ ಅನ್ನುವ ಜನರಲ್ ಸಾಹೇಬರಿಗೆ

ಜನರಲ್ ಸಾಹೇಬರೇ,

ನೀನು ಬರೆಯುತ್ತಿರುವ ಕಂಪ್ಯೂಟರ್ ಯುದ್ಧದಾಟದಲ್ಲಿ, ಇಟ್ಟ ನಡೆಯನ್ನು ವಾಪಸ್ ಪಡೆಯುವ ಅನ್‌ಡೂ ಬಟನ್ ಇರುವುದೇ ಇಲ್ಲ ಅಂತ ಘೋಷಿಸಿದ್ದೀಯ. ಉತ್ತರವನ್ನು ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಿದರೆ ಬಂದೇ ಇಲ್ಲ ಅನ್ನುತ್ತೀಯ. ಮೂರನೇ ಸೇತುವೆಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಚೆಸ್‌ನಲ್ಲಿ ಮುಟ್ಟಿದ ಕಾಯಿ ನಡೆಸಲೇಬೇಕಲ್ಲ ಅನ್ನುವುದು ನಿನ್ನ ವಾದ. ಆದರೆ ಚೆಸ್ ಮಣೆಯಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ, ದಾಳವೂ ಇಲ್ಲ. ನಿನ್ನ ನಕಾಶೆಯಲ್ಲಿ ಎರಡೂ ಇವೆ. ಹಾಗಾಗಿ ಪ್ರಶ್ನೆ ಅನ್‌ಡೂ ಬೇಕೋ ಬೇಡವೋ ಅನ್ನುವುದಲ್ಲ, ಎಲ್ಲಿಯವರೆಗೆ ಅನ್ನುವುದು. ಬೆರಳು ಜಾರಿ ಪಡೆ ಕಾಡಿನ ಬದಲು ಪಕ್ಕದ ಬಯಲಿಗೆ ಹೋಗಿ ನಿಂತರೆ, ಅದನ್ನು ವಾಪಸ್ ಕರೆಸಲು ಬಿಡದ ಆಟ ಪರೀಕ್ಷಿಸುತ್ತಿರುವುದು ನಮ್ಮ ಮೌಸನ್ನು. ಕುದುರೆ ಸವಾರನನ್ನು, ನಕಾಶೆಯ ಕಾಣದ ಭಾಗಕ್ಕೆ ಕವಿದಿರುವ ಫಾಗ್‌ನೊಳಗೆ ಓಡಿಸಿ, ಅಲ್ಲಿ ಯಾರಿದ್ದಾರೆಂದು ನೋಡಿಕೊಂಡು ಹಿಂದಕ್ಕೆ ಎಳೆದುಕೊಂಡರೆ ಅದು ಪುಕ್ಕಟೆ ಬೇಹುಗಾರಿಕೆ. ಸವಾರ ಹಿಂದೆ ಬರುತ್ತಾನೆ, ಕಂಡದ್ದು ಕಂಡದ್ದೇ.

ಈ ಗೆರೆಯನ್ನು ನೇರವಾಗಿ ಎಳೆದಿರುವ ಆಟ ಬ್ಯಾಟಲ್ ಫಾರ್ ವೆಸ್ನಾತ್. ನಡೆಯಿಂದ ಫಾಗ್ ಸರಿದರೆ ಅಥವಾ ದಾಳಿ ನಡೆದರೆ ಅಲ್ಲಿಗೆ ಅನ್‌ಡೂ ಮುಗಿಯಿತು, ಅದಕ್ಕೂ ಮೊದಲು ಎಷ್ಟು ಸಲ ಬೇಕಾದರೂ ಹಿಂದೆ ಸರಿಯಬಹುದು. ನೇಮಕಾತಿಯಲ್ಲೂ ಅದೇ ನ್ಯಾಯ: ಹೊಸ ಸೈನಿಕನ ಗುಣಗಳು ದಾಳದ ಮೇಲೆ ನಿಂತಿರುವುದರಿಂದ ಒಮ್ಮೆ ಕರೆದವನನ್ನು ವಾಪಸ್ ಕಳಿಸಲಾಗದು; ಅಸ್ಥಿಪಂಜರಕ್ಕೆ ಅಂಥ ಗುಣಗಳೇ ಇಲ್ಲ, ಹಾಗಾಗಿ ಅದನ್ನು ಕಳಿಸಬಹುದು. ಫಾಗ್ ಸರಿಯುವುದನ್ನು ತಡೆಹಿಡಿಯುವ ಆಯ್ಕೆಯೂ ಮೆನುವಿನಲ್ಲಿದೆ. ಕತ್ತಲಲ್ಲೇ ಪಡೆಗಳನ್ನು ಜೋಡಿಸಿಕೋ, ಮನಸ್ಸು ಬದಲಾದರೆ ತೆಗೆ, ಕೊನೆಗೆ ಒಂದೇ ಸಲ ಪರದೆ ಎತ್ತು. ಇದನ್ನು ಕಣ್ಣು ಮುಚ್ಚಿ ಕದಿಯಬಹುದು.

ಕದಿಯುವಾಗ ಜೋಪಾನ. ಪಡೆಯನ್ನು ಹಳೆಯ ಮನೆಗೆ ಇಟ್ಟ ಮಾತ್ರಕ್ಕೆ ಅನ್‌ಡೂ ಆಗುವುದಿಲ್ಲ. ನಡಿಗೆಯ ಪಾಯಿಂಟು ಮರಳಬೇಕು, ದಾರಿಯಲ್ಲಿ ವಶವಾದ ಹಳ್ಳಿ ಹಳೆಯ ಒಡೆಯನಿಗೆ ಹೋಗಬೇಕು, ಅದರಿಂದ ಬರುವ ಆದಾಯದ ಲೆಕ್ಕ ತಿದ್ದಬೇಕು, ಆ ಮನೆಗೆ ಕಾಲಿಟ್ಟಾಗ ಹೊತ್ತಿಕೊಂಡ ಘಟನೆ ಆರಬೇಕು. ಒಂದು ಬಿಟ್ಟರೂ ಆಟಗಾರರು ಅದನ್ನೇ ಹಿಡಿದು ಖಜಾನೆ ತುಂಬಿಸಿಕೊಳ್ಳುತ್ತಾರೆ. ನಿನ್ನ ನಕಾಶೆ ಚಿಕ್ಕದು, ಪ್ರತಿ ನಡೆಗೂ ಮುಂಚೆ ಇಡೀ ಸ್ಥಿತಿಯ ನಕಲು ಇಟ್ಟುಕೊಂಡುಬಿಡು. ನಡೆಗಳನ್ನು ಒಂದೊಂದಾಗಿ ಬಿಚ್ಚುವ ಜಾಣತನಕ್ಕೆ ಹೋಗಬೇಡ. ದಾರಿ ತೋರಿಸುವ ಚುಕ್ಕೆಸಾಲನ್ನೂ ಗಮನಿಸು: ಫಾಗ್‌ನಲ್ಲಿ ಅಡಗಿದ ಶತ್ರುವನ್ನು ಸುತ್ತಿ ಅದು ಬಾಗಿದರೆ, ಒಂದು ಹೆಜ್ಜೆಯನ್ನೂ ಇಡದೆ ಗುಟ್ಟು ರಟ್ಟಾಗುತ್ತದೆ.

ಅನ್‌ಡೂ ಕಿತ್ತು ಹಾಕಿ ಸೇವ್ ಮಾತ್ರ ಉಳಿಸಿದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ: ಹಳೆಯ ಸೇವ್ ಲೋಡ್ ಮಾಡಿದರೆ ಅದೂ ಅನ್‌ಡೂವೇ. 2012ರ ಎಕ್ಸ್‌ಕಾಮ್ ಆಟದಲ್ಲಿ ರ‍್ಯಾಂಡಮ್ ಸೀಡ್ (ದಾಳದ ಸಂಖ್ಯೆಗಳ ಸಾಲನ್ನು ಹುಟ್ಟಿಸುವ ಮೂಲಸಂಖ್ಯೆ) ಸೇವ್‌ನ ಜೊತೆಗೇ ಉಳಿಯುತ್ತದೆ. ಲೋಡ್ ಮಾಡಿ ಅದೇ ಗುಂಡು ಹೊಡೆದರೆ ಮತ್ತೆ ಅದೇ ಗುರಿ ತಪ್ಪುತ್ತದೆ. ಜನ ಬಿಟ್ಟರೇ? ಕೆಟ್ಟ ಸಂಖ್ಯೆಯನ್ನು ಕೆಲಸಕ್ಕೆ ಬಾರದ ಇನ್ನೊಬ್ಬನ ಗುಂಡಿಗೆ ಖರ್ಚು ಮಾಡಿ, ಆಮೇಲೆ ಮುಖ್ಯವಾದವನಿಂದ ಹೊಡೆಸಿದರು. ಅದನ್ನು ತಡೆಯುವುದು ಐರನ್‌ಮ್ಯಾನ್ ಅನ್ನುವ ಆಯ್ಕೆ ಒಂದೇ: ಒಂದೇ ಸೇವ್, ಅದನ್ನೂ ಆಟವೇ ಬರೆಯುತ್ತದೆ.

ನನಗೆ ಹೆಚ್ಚು ಹಿಡಿಸುವುದು 2018ರ ಇನ್‌ಟು ದಿ ಬ್ರೀಚ್. 8×8 ಮನೆ, ಶತ್ರು ಎಲ್ಲಿ ಹೊಡೆಯುತ್ತಾನೆಂದು ಮೊದಲೇ ಕಾಣುತ್ತದೆ, ನಾವು ಹೊಡೆಯುವ ಮುನ್ನ ನಮ್ಮ ನಡೆಯನ್ನು ಹಿಂತೆಗೆಯಬಹುದು. ಇಡೀ ಟರ್ನನ್ನು, ಅಂದರೆ ಆ ಸರದಿಯ ಎಲ್ಲ ನಡೆಗಳನ್ನೂ, ಅಳಿಸುವ ಅವಕಾಶ ಮಾತ್ರ ಒಂದು ಕಾಳಗಕ್ಕೆ ಒಂದೇ ಸಲ. ಈಗ ಬಳಸಲೋ, ಮುಂದಿನ ಟರ್ನಿಗೆ ಉಳಿಸಲೋ ಅನ್ನುವುದೇ ಒಂದು ಲೆಕ್ಕಾಚಾರವಾಗುತ್ತದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇತ್ತೀಚೆಗೆ ಒಂದು ವಿಷಯ ಕೊರೆಯುತ್ತಿದೆ ಕಣೋ. ಅನ್‌ಡೂ ಇದ್ದಾಗ ಲೆಕ್ಕ ನನ್ನ ತಲೆಯಲ್ಲಿ ನಡೆಯುವುದಿಲ್ಲ, ನಕಾಶೆಯ ಮೇಲೆ ನಡೆಯುತ್ತದೆ. ಇಟ್ಟು ನೋಡು, ತೆಗೆ, ಪಕ್ಕದಲ್ಲಿಡು. ತಕ್ಕಮಟ್ಟಿಗೆ ಸರಿಯಾದ ನಡೆ ಸಾಲುವುದಿಲ್ಲ, ಎಲ್ಲಕ್ಕಿಂತ ಒಳ್ಳೆಯದೇ ಬೇಕು. ಅನ್‌ಡೂ ಇಲ್ಲದ ಆಟಕ್ಕೆ ಕೂತರೂ ಆ ಚಾಳಿ ಬಿಡುತ್ತಿಲ್ಲ, ಶೇ. 70ರ ಹೊಡೆತವೂ ಜೂಜಿನಂತೆ ಕಾಣುತ್ತದೆ, ಟರ್ನ್ ಮುಗಿಸುವ ಬಟನ್ ಒತ್ತಲು ಕೈ ಬರುವುದಿಲ್ಲ. ಆ ಕಡೆ ನೀನು ಕಾಯುತ್ತಾ, ನಾನೇನೋ ಭಾರೀ ಯೋಚಿಸುತ್ತಿದ್ದೇನೆ ಅಂದುಕೊಳ್ಳುತ್ತೀಯ. ಯೋಚನೆ ಯಾವಾಗಲೋ ಮುಗಿದಿರುತ್ತದೆ. ಉಳಿದದ್ದು ಭಯ. ಸೋಲುವುದರದ್ದಲ್ಲ. ರೀಪ್ಲೇ ಹಾಕಿ, ಇಗೋ ಇಲ್ಲಿ ಕೆಟ್ಟೆ ಅಂತ ನೀನು ಬೆರಳಿಟ್ಟು ತೋರಿಸುತ್ತೀಯಲ್ಲ, ಅದರದ್ದು. ಅನ್‌ಡೂ ಪರವಾಗಿ ಇಷ್ಟು ಹೊತ್ತು ಕೊಟ್ಟ ಕಾರಣಗಳೆಲ್ಲ ನಿಜ. ಆದರೆ ನನಗದು ಯಾಕೆ ಬೇಕು ಅನ್ನುವುದಕ್ಕೆ ಅವು ಯಾವುವೂ ಕಾರಣವಲ್ಲ.

ಸಾಕು, ವಿಪರೀತವಾಯಿತು. ನಡುವೆ ಇಣುಕಿದ ಮಹನೀಯರು ಹಿಂದಿನ ಪ್ಯಾರಾವನ್ನು ಫಾಗ್ ಅಂದುಕೊಂಡು ದಾಟಿಬಿಡಿ. ಸಾಹೇಬರೇ, ನಿನ್ನ ಆಟ ಪರೀಕ್ಷಿಸಲು ನಾನು ತಯಾರು, ಕರಾರು ಇಷ್ಟೇ: ಫಾಗ್ ಸರಿಯುವವರೆಗೆ ಅನ್‌ಡೂ, ದಾಳ ಬಿದ್ದ ಮೇಲೆ ಇಲ್ಲ. ಟರ್ನಿಗೆ 4 ನಿಮಿಷದ ಗಡಿಯಾರ, ನನ್ನಂಥವರಿಗೆ ಅದೇ ಮದ್ದು. ರೀಪ್ಲೇ ನೋಡುವಾಗ ನಿನ್ನ ಮೈಕ್ ಮ್ಯೂಟ್. ಮತ್ತೆ, ಆನೆಗಳು ಈ ಸಲ ನನ್ನ ಕಡೆ.

ಇಂತಿ ನಿನ್ನ,
ಪಾಪದ ಸುಬೇದಾರ