ವಿಷಯ: ಗೇಮ್‌ಪ್ಯಾಡ್‌ನ ಸ್ಟಿಕ್ ಡ್ರಿಫ್ಟ್ ಮತ್ತು ವಾರಂಟಿ ನಿರಾಕರಣೆ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಕಂಪ್ಯೂಟರ್‌ನಲ್ಲಿ ಆಡಲೆಂದು ನಿಮ್ಮ ಕಂಪನಿಯ ವೈರ್ಡ್ ಗೇಮ್‌ಪ್ಯಾಡ್ ಕೊಂಡಿದ್ದೆ. ವಾರಂಟಿ ಇನ್ನೂ ಮುಗಿದಿಲ್ಲ. ಆಗಲೇ ಎಡಗಡೆ ಸ್ಟಿಕ್ ಡ್ರಿಫ್ಟ್ ಆಗುತ್ತಿದೆ. ಬೆರಳು ತೆಗೆದರೂ ಆಟದಲ್ಲಿ ಕಾರು ಎಡಕ್ಕೇ ಎಳೆಯುತ್ತದೆ. ನಿಮ್ಮ ಸರ್ವಿಸ್ ಸೆಂಟರ್‌ನವರು "ಬಳಸಿ ಸವೆದಿದೆ, ವಾರಂಟಿಗೆ ಬರಲ್ಲ" ಎಂದು ವಾಪಸ್ ಕೊಟ್ಟರು. ಡೆಡ್‌ಝೋನ್ (ಸ್ಟಿಕ್ ಅಲ್ಲಾಡಿದರೂ ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ನಡುವಿನ ಜಾಗ) ಜಾಸ್ತಿ ಮಾಡಿಕೊಳ್ಳಿ ಎಂದೂ ಹೇಳಿದರು. ಹಾಗೆ ಮಾಡಿದರೆ ಸ್ಟಿಕ್ ಸ್ವಲ್ಪ ತಳ್ಳಿದ್ದು ಆಟಕ್ಕೆ ಗೊತ್ತೇ ಆಗುವುದಿಲ್ಲ. ತಿರುವಿನಲ್ಲಿ ಮೆಲ್ಲಗೆ ತಿರುಗಿಸುವುದು ಹೇಗೆ?

ಸವೆತದ ಉತ್ತರವನ್ನು ನಾನು ಒಪ್ಪುವುದಿಲ್ಲ. ಸ್ಟಿಕ್ ಒಳಗೆ ಅದು ಎಷ್ಟು ಸರಿಯಿತೆಂದು ಅಳೆಯಲು ನೀವು ಹಾಕಿರುವುದು ಪೊಟೆನ್ಷಿಯೋಮೀಟರ್. ಸ್ಟಿಕ್ ಅಲ್ಲಾಡಿದಾಗಲೆಲ್ಲ ಅದರೊಳಗೆ ಲೋಹದ ತುದಿಯೊಂದು ಕಾರ್ಬನ್ ಪಟ್ಟಿಯನ್ನು ಉಜ್ಜುತ್ತದೆ. ಪಟ್ಟಿ ಸವೆದಂತೆ ಅಳತೆ ತಪ್ಪುತ್ತದೆ. ಗೇಮ್‌ಪ್ಯಾಡ್ ಇರುವುದೇ ಆಡುವುದಕ್ಕೆ. ಆಡಿ ಸವೆಯಿತು ಎಂದು ಗ್ರಾಹಕನ ಮೇಲೆ ಹಾಕುವುದು ಸರಿಯಲ್ಲ, ಅದು ವಿನ್ಯಾಸದ ದೋಷ. ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್‌ನಲ್ಲಿ ಈ ಉಜ್ಜಾಟ ಇಲ್ಲ. ಅದು ಹೊಸದೂ ಅಲ್ಲ. 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್ ಗೇಮ್ ಕನ್ಸೋಲ್‌ನ ಸ್ಟಿಕ್‌ನಲ್ಲೇ ಇತ್ತು. ನಿಮ್ಮ ಪ್ಯಾಡ್‌ನ ಸುತ್ತ ಬಣ್ಣದ ಲೈಟ್‌ಗಳಿವೆ. ಆ ಖರ್ಚನ್ನು ಸ್ಟಿಕ್‌ಗೆ ಹಾಕಬಹುದಿತ್ತಲ್ವಾ?

ಇನ್ನೊಂದು ತೊಂದರೆ. ಕೇಬಲ್ ಚುಚ್ಚಿದ ಕೂಡಲೇ ಪ್ಯಾಡ್ ಡೈರೆಕ್ಟ್‌ಇನ್‌ಪುಟ್ ಎಂಬ (ಪ್ಯಾಡ್ ಒತ್ತಿದ್ದನ್ನು ಆಟಕ್ಕೆ ತಿಳಿಸುವ) ಹಳೆಯ ವಿಧಾನದ ಮೋಡ್‌ಗೆ ಹೋಗುತ್ತದೆ. 2005ರಲ್ಲಿ ಎಕ್ಸ್‌ಬಾಕ್ಸ್ 360 ಗೇಮ್ ಕನ್ಸೋಲ್ ಜೊತೆ ಬಂದ ಹೊಸ ವಿಧಾನ ಎಕ್ಸ್‌ಇನ್‌ಪುಟ್ಟನ್ನೇ ಈಗ ವಿಂಡೋಸ್‌ನ ಹೆಚ್ಚಿನ ಆಟಗಳು ನಿರೀಕ್ಷಿಸುತ್ತವೆ. ಹೋಮ್ ಬಟನ್ ಒತ್ತಿ ಹಿಡಿದರೆ ಮೋಡ್ ಬದಲಾಗುತ್ತದೆ, ಆದರೆ ಜೊತೆಗೆ ಬಂದ ಹಾಳೆಯಲ್ಲಿ ಅದನ್ನು ಬರೆದೇ ಇಲ್ಲ. ಬಟನ್‌ಗಳ ಮೇಲೆ 1, 2, 3, 4 ಎಂದಿದೆ, ಪರದೆಯಲ್ಲಿ ಆಟ ಕೇಳುವುದು ಎ, ಬಿ, ಎಕ್ಸ್, ವೈ. ಮೊದಲ ಸಲ ಆಡುವ ಮಕ್ಕಳು ಒಂದೊಂದೇ ಒತ್ತಿ ನೋಡಬೇಕು. ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಬಟನ್) ಕೂಡ ಸಡಿಲ. ಕೆಳಗೆ ಒತ್ತಿದರೆ ಪಕ್ಕದ್ದೂ ಸೇರಿ ಒತ್ತಿಹೋಗುತ್ತದೆ, ಫೈಟಿಂಗ್ ಆಟ ಆಡಲು ಆಗುವುದಿಲ್ಲ.

ಪ್ಯಾಡ್‌ನ ಹಿಡಿತ ಚೆನ್ನಾಗಿದೆ, ಕೇಬಲ್ ಗಟ್ಟಿಯಾಗಿದೆ. ಅದಕ್ಕೇ ಇದನ್ನು ಬಿಸಾಡಲು ಮನಸ್ಸಿಲ್ಲ.

ದಯವಿಟ್ಟು ಸ್ಟಿಕ್ ಬದಲಾಯಿಸಿ ಕೊಡಿ, ಇಲ್ಲವೇ ಹಣ ವಾಪಸ್ ಮಾಡಿ. ಸ್ಟಿಕ್‌ನ ಬಿಡಿಭಾಗವನ್ನು ಬೇರೆಯಾಗಿ ಮಾರಾಟಕ್ಕೂ ಇಡಿ. ಎರಡು ವಾರದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಬಿಲ್ ಪ್ರತಿ ಮತ್ತು ಡ್ರಿಫ್ಟ್ ಕಾಣುವ ವಿಡಿಯೋ ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ