ನರ್ಸ್‌ಗಳಿಗೆ ತರಬೇತಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸೋಂಕು ನಿಯಂತ್ರಣದ ಮಾತು ಬಂದಾಗಲೆಲ್ಲ ‘ನರ್ಸ್‌ಗಳಿಗೆ ಇನ್ನಷ್ಟು ತರಬೇತಿ ಕೊಡಬೇಕು’ ಎಂಬ ಸಲಹೆಯೊಂದಿಗೆ ಚರ್ಚೆ ಮುಗಿದುಹೋಗುತ್ತದೆ. ಬಹುಕಾಲ ಶುಶ್ರೂಷೆಯ ಪಾಠ ಹೇಳಿದ ನನಗೆ ಈ ಸಲಹೆ ಅರ್ಧ ಮಾತ್ರ ಸರಿ ಎನಿಸುತ್ತದೆ. ಪ್ರಶ್ನೆಪತ್ರಿಕೆ ಮುಂದಿಟ್ಟರೆ ಹೆಚ್ಚಿನವರು ಸರಿಯಾಗಿಯೇ ಉತ್ತರ ಬರೆಯುತ್ತಾರೆ. ಕೆಲಸದ ಒತ್ತಡದ ನಡುವೆ ಕೈಗಳು ಮಾತ್ರ ಆ ಉತ್ತರದಂತೆ ನಡೆಯುವುದಿಲ್ಲ.

ಕೈ ಶುಚಿಗೊಳಿಸಿಕೊಳ್ಳಬೇಕಾದ ಐದು ಸಂದರ್ಭಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ರೋಗಿಯನ್ನು ಮುಟ್ಟುವ ಮುನ್ನ ಮತ್ತು ಇಂಜೆಕ್ಷನ್, ಡ್ರೆಸ್ಸಿಂಗ್‌ಗಳಂಥ ಶುದ್ಧ ಕಾರ್ಯಗಳಿಗೆ ಮುನ್ನ ಎಂಬ ಎರಡು ಸಂದರ್ಭಗಳು ರೋಗಿಯನ್ನು ಕಾಯುತ್ತವೆ. ದೇಹದ್ರವ ತಗುಲಿದ ಬಳಿಕ, ರೋಗಿಯನ್ನು ಮುಟ್ಟಿದ ಬಳಿಕ, ಅವರ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಬಳಿಕ ಎಂಬ ಉಳಿದ ಮೂರು, ನರ್ಸ್‌ ಅನ್ನೂ ಆಕೆ ಮುಂದೆ ಮುಟ್ಟುವವರನ್ನೂ ಕಾಯುತ್ತವೆ. ‘ಬಳಿಕ’ದ ಶುಚಿತ್ವ ಹೆಚ್ಚಾಗಿ ಪಾಲನೆಯಾಗುತ್ತದೆ, ‘ಮುನ್ನ’ದ್ದು ತಪ್ಪಿಹೋಗುತ್ತದೆ. ತನ್ನ ಕೈಗೆ ಅಂಟಿದ ಕೊಳೆ ಕಣ್ಣಿಗೆ ಕಾಣುತ್ತದೆ, ತಾನು ಇನ್ನೊಬ್ಬರಿಗೆ ದಾಟಿಸುವ ಸೂಕ್ಷ್ಮಾಣು ಕಾಣುವುದಿಲ್ಲ ಎಂಬುದೇ ಇದಕ್ಕೆ ಕಾರಣವಿರಬೇಕು.

ಕೈಗವಸು ಈ ತಪ್ಪನ್ನು ಇನ್ನಷ್ಟು ಮುಚ್ಚಿಡುತ್ತದೆ. ಗಾಯದ ಹಳೆಯ ಪಟ್ಟಿ ಬಿಚ್ಚಿದ ಕೈಗವಸಿನಲ್ಲೇ ಹತ್ತಿಯ ಡಬ್ಬಿಯ ಮುಚ್ಚಳ ತೆಗೆದು, ರಿಜಿಸ್ಟರಿನಲ್ಲಿ ಹೆಸರು ಬರೆದು, ಬಾಗಿಲ ಹಿಡಿಕೆ ತಿರುಗಿಸಿ ಮುಂದಿನ ರೋಗಿಯನ್ನು ಕರೆಯುವುದನ್ನು ನಾನು ಕಂಡಿದ್ದೇನೆ. ಆ ನರ್ಸ್ ಅಜ್ಞಾನಿಯಲ್ಲ. ಕೈಗವಸು ಕೈತೊಳೆಯುವುದಕ್ಕೆ ಬದಲಿಯಲ್ಲ ಎಂದು ಕೇಳಿದರೆ ಆಕೆಯೇ ಹೇಳುತ್ತಾಳೆ. ಆದರೆ ನಲ್ಲಿ ಇರುವುದು ಪಕ್ಕದ ಕೋಣೆಯಲ್ಲಿ, ಸಾಲು ಬಾಗಿಲಾಚೆಗೂ ನಿಂತಿದೆ, ಸೋಪು ನೀರಿನಿಂದ ಸರಿಯಾಗಿ ಕೈತೊಳೆಯಲು 40ರಿಂದ 60 ಸೆಕೆಂಡು ಬೇಕು. ಆಲ್ಕೋಹಾಲ್ ದ್ರಾವಣವನ್ನು ಕೈಗೆ ಉಜ್ಜಿಕೊಳ್ಳಲು 20ರಿಂದ 30 ಸೆಕೆಂಡು ಸಾಕು. ಕೈಯಲ್ಲಿ ರಕ್ತವೋ ಕೊಳೆಯೋ ಕಾಣುತ್ತಿದ್ದರೆ ಸೋಪು ನೀರೇ ಆಗಬೇಕು. ಆ ದ್ರಾವಣದ ಬಾಟಲಿಯನ್ನು ಡ್ರೆಸ್ಸಿಂಗ್ ಟ್ರಾಲಿಯ ಮೇಲೆ, ಕೈಗೆ ಎಟುಕುವಲ್ಲಿ ಇಡುವುದು ಇನ್ನೊಂದು ದಿನದ ಉಪನ್ಯಾಸಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವ, ಕೈಗೆ ಚುಚ್ಚಿಕೊಳ್ಳುವ ಅಪಾಯವಿರುವ ಅಭ್ಯಾಸವೂ ಹೀಗೆಯೇ. ಚೂಪು ತ್ಯಾಜ್ಯದ ಡಬ್ಬಿ ದೂರವಿದ್ದಾಗ, ಇಲ್ಲವೇ ತುಂಬಿ ತುಳುಕುತ್ತಿದ್ದಾಗ, ತೆರೆದ ಸೂಜಿ ಹಿಡಿದು ನಡೆಯುವುದಕ್ಕಿಂತ ಮುಚ್ಚುವುದೇ ಸುರಕ್ಷಿತವೆಂದು ಕೈ ತೀರ್ಮಾನಿಸಿಬಿಡುತ್ತದೆ. ಮುಕ್ಕಾಲು ಭಾಗ ತುಂಬಿದೊಡನೆ ಡಬ್ಬಿಯನ್ನು ಮುಚ್ಚಿ ಬದಲಿಸುವ ಹೊಣೆ ಯಾರದ್ದೆಂದು ಬರೆದಿಡದ ಕೇಂದ್ರದಲ್ಲಿ ನರ್ಸ್‌ ಅನ್ನು ದೂರುವುದು ನ್ಯಾಯವಲ್ಲ.

ಹಾಗೆಂದು ತಿಳಿವಳಿಕೆಯ ಕೊರತೆ ಇಲ್ಲವೇ ಇಲ್ಲ ಎನ್ನಲಾಗದು. ಉಪಕರಣಗಳ ಸಂಸ್ಕರಣೆಯಲ್ಲಿ ಅದು ನಿಜವಾಗಿಯೂ ಇದೆ. ಕುದಿಸುವುದರಿಂದ ಬ್ಯಾಕ್ಟೀರಿಯಾದ ಬೀಜಕಗಳೆಲ್ಲ (ಗಟ್ಟಿ ಕವಚದ ಸುಪ್ತ ರೂಪಗಳು) ಸಾಯುವುದಿಲ್ಲವಾದ್ದರಿಂದ ಕುದಿಸಿದ ಕತ್ತರಿಯನ್ನು ನಿರ್ಜೀವೀಕೃತ, ಅಂದರೆ ಸಂಪೂರ್ಣ ಸೂಕ್ಷ್ಮಾಣುಮುಕ್ತ ಎನ್ನುವಂತಿಲ್ಲ. ಒತ್ತಡದ ಹಬೆಯಿಂದ ಸೂಕ್ಷ್ಮಾಣು ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಹಬೆ ನಿಗದಿತ ಅವಧಿಯವರೆಗೆ ಉಪಕರಣದ ಎಲ್ಲ ಭಾಗಕ್ಕೂ ತಾಗಬೇಕು. ರಕ್ತ ಒಣಗಿ ಅಂಟಿದ್ದರೆ ಅದರಡಿಗೆ ಹಬೆ ತಲುಪುವುದಿಲ್ಲ, ಹಾಗಾಗಿ ಮೊದಲು ತೊಳೆಯಲೇಬೇಕು. ಉಪಕರಣ ಸುತ್ತಿದ ಪೊಟ್ಟಣದ ಮೇಲಿನ ಸೂಚಕ ಟೇಪು ಬಣ್ಣ ಬದಲಿಸಿದರೆ ಕೆಲಸ ಮುಗಿಯಿತೆಂದು ಹಲವರು ತಿಳಿದಿದ್ದಾರೆ. ಆ ಬಣ್ಣ ಹೇಳುವುದು ಪೊಟ್ಟಣವು ಯಂತ್ರದೊಳಗೆ ಹೋಗಿ ಬಂದಿದೆ ಎಂಬುದನ್ನಷ್ಟೇ, ಒಳಗಿನ ಸೂಕ್ಷ್ಮಾಣುಗಳು ಸತ್ತಿವೆ ಎಂಬುದನ್ನಲ್ಲ. ಇಂಥವನ್ನು ಸಭಾಂಗಣದಲ್ಲಿ ಚಿತ್ರ ತೋರಿಸಿ ಹೇಳಿದರೆ ಸಾಲದು, ಅವರು ದಿನವೂ ಬಳಸುವ ಯಂತ್ರದ ಮುಂದೆ ನಿಂತು ಕಲಿಸಬೇಕು.

ಆದ್ದರಿಂದ ಮೇಲಧಿಕಾರಿಗಳು ಪರಿಶೀಲನೆಗೆ ಬಂದಾಗ ತರಬೇತಿ ಪ್ರಮಾಣಪತ್ರಗಳನ್ನು ಎಣಿಸುವ ಬದಲು, ಒಂದು ಗಂಟೆ ಡ್ರೆಸ್ಸಿಂಗ್ ಕೋಣೆಯಲ್ಲಿ ಸುಮ್ಮನೆ ಕುಳಿತು ಕೈಗಳನ್ನು ಗಮನಿಸಲಿ, ಕಂಡದ್ದನ್ನು ಶಿಕ್ಷೆಯ ಭಯವಿಲ್ಲದಂತೆ ಅಲ್ಲಿಯೇ ಚರ್ಚಿಸಲಿ. ನರ್ಸ್‌ಗಳ ಜೊತೆಗೆ ಕಸ ತೆಗೆಯುವ, ನೆಲ ಒರೆಸುವ ಸಿಬ್ಬಂದಿಗೂ ಹೆಪಟೈಟಿಸ್ ಬಿ ಲಸಿಕೆಯ ಎಲ್ಲ ಡೋಸ್‌ಗಳೂ ಸಿಕ್ಕಿವೆಯೇ ಎಂದು ವಿಚಾರಿಸಲಿ. ಸೂಜಿ ಚುಚ್ಚಿದರೆ ಯಾರಿಗೆ ತಿಳಿಸಬೇಕು, ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ, ಸಾಧ್ಯವಾದಷ್ಟೂ ಬೇಗ ಎಲ್ಲಿ ಪಡೆಯಬೇಕು ಎಂಬ ವಿವರವನ್ನು, ರಾತ್ರಿ ಪಾಳಿಯಲ್ಲಿ ಒಬ್ಬಂಟಿಯಾಗಿರುವ ನರ್ಸ್‌ಗೂ ಕಾಣುವಂತೆ ಗೋಡೆಯ ಮೇಲೆ ಬರೆಸಲಿ.

ಇಂತಿ,
ನಿವೃತ್ತ ಶುಶ್ರೂಷಾ ಬೋಧಕಿ