ಎಲ್‌ಎಲ್‌ಪಿ ನೋಂದಣಿ: ಇನ್ನು ಹೆಸರು ಮೊದಲು, ಫಾರ್ಮ್ ಆಮೇಲೆ

ಮಾಟುಂಗಾ, ಮುಂಬಯಿ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಮುಂದಿನ ತಿಂಗಳ 1ರಿಂದ ಎಲ್‌ಎಲ್‌ಪಿ (ಪಾಲುದಾರರ ಹೊಣೆ ಸೀಮಿತವಾಗಿರುವ ಪಾಲುದಾರಿಕೆ ಸಂಸ್ಥೆ) ನೋಂದಣಿಯನ್ನು ನಾವು ಎರಡು ಹಂತದಲ್ಲಿ ಮಾಡಲಿದ್ದೇವೆ. ಇಷ್ಟರವರೆಗೆ ಹೆಸರಿನ ಕೋರಿಕೆಯನ್ನೂ ಫಿಲಿಪ್ ಎಂಬ ನೋಂದಣಿ ಫಾರ್ಮಿನೊಳಗೇ ಸೇರಿಸಿ ಒಟ್ಟಿಗೆ ಸಲ್ಲಿಸುವ ರೂಢಿ ಇತ್ತು. ಇನ್ನು ಮುಂದೆ ಮೊದಲು ರನ್-ಎಲ್‌ಎಲ್‌ಪಿ ಎಂಬ ಸರಕಾರಿ ಆನ್‌ಲೈನ್ ಸೇವೆಯಲ್ಲಿ ಹೆಸರು ಕಾದಿರಿಸುತ್ತೇವೆ, ಅದು ಮಂಜೂರಾದ ಮೇಲಷ್ಟೇ ಫಿಲಿಪ್ ತುಂಬುತ್ತೇವೆ. ಹೆಸರಿಗೆ ಸರಕಾರಿ ಶುಲ್ಕ 200 ರೂಪಾಯಿ. ನಮ್ಮ ಶುಲ್ಕ ಮೊದಲಿನಷ್ಟೇ. ಕೆಲವು ದಿನ ತಡವಾಗುತ್ತದೆ ನಿಜ, ಆದರೆ ಹೆಸರೊಂದರ ಕಾರಣಕ್ಕೆ ಇಡೀ ಕಡತ ವಾಪಸು ಬರುವುದು ತಪ್ಪುತ್ತದೆ.

ಹೋಟೆಲ್ ವ್ಯವಹಾರದವರಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಕೃಷ್ಣ, ದುರ್ಗಾ, ಅನ್ನಪೂರ್ಣ ಎಂಬ ಹೆಸರುಗಳು ಎಷ್ಟೋ ಮಂದಿಯ ಬಳಿ ಆಗಲೇ ಇವೆ. ಒಂದು ಅಕ್ಷರ ದೀರ್ಘ ಮಾಡಿದರೆ, ನಡುವೆ ಜಾಗ ಬಿಟ್ಟರೆ, ಕೊನೆಗೆ 'ಮುಂಬಯಿ' ಎಂದು ಅಂಟಿಸಿದರೆ ಅದು ಹೊಸ ಹೆಸರಾಗುವುದಿಲ್ಲ. ಟ್ರೇಡ್‌ಮಾರ್ಕ್ ಪಟ್ಟಿಯನ್ನೂ ನೋಡಬೇಕು: ಹೋಟೆಲಿಗೆ 43ನೇ ವರ್ಗ, ಕಾಫಿಪುಡಿ, ತಿಂಡಿ ಮಾರುವವರಿಗೆ 30ನೇ ವರ್ಗ. ರನ್-ಎಲ್‌ಎಲ್‌ಪಿಯಲ್ಲಿ ಎರಡು ಹೆಸರು ಕೊಡಬಹುದು. ಎರಡನೆಯದನ್ನು ಮೊದಲಿನದರ ತಮ್ಮನಂತೆ ಕೊಡಬೇಡಿ, ಬೇರೆಯದೇ ಆಗಿರಲಿ. ಆಕ್ಷೇಪ ಬಂದರೆ ತಿದ್ದಿ ಕೊಡಲು 15 ದಿನ. ಮಂಜೂರಾದ ಹೆಸರು ನಿಮಗಾಗಿ ಕಾಯುವುದು 3 ತಿಂಗಳು ಮಾತ್ರ, ಅಷ್ಟರೊಳಗೆ ಫಿಲಿಪ್ ಹೋಗಲೇಬೇಕು.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಇನ್ನೊಂದು ತೊಡಕಿದೆ, ಅದು ಇನಿಶಿಯಲ್. ಪ್ಯಾನ್‌ನಲ್ಲಿ ಬರೀ 'ಬಿ. ಕೆ.' ಅಂತಿದ್ದು, ಆಧಾರ್‌ನಲ್ಲಿ ಊರಿನ ಹೆಸರು ಬಿಡಿಸಿ ಬರೆದಿದ್ದು, ಬ್ಯಾಂಕ್ ಖಾತೆಯಲ್ಲಿ ಕುಲನಾಮ ಹಿಂದುಮುಂದಾಗಿದ್ದರೆ ಮೂರೂ ಬೇರೆ ಬೇರೆ ಮನುಷ್ಯರೆಂದೇ ಲೆಕ್ಕ. ಫಾರ್ಮಿನಲ್ಲಿ ತುಂಬಿದ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಮೂರೂ ಪ್ಯಾನ್‌ನೊಂದಿಗೆ ತಾಳೆಯಾಗಬೇಕು. ಮದುವೆಯಾದ ಹೆಣ್ಣುಮಕ್ಕಳದ್ದೂ ತಂದೆಯ ಹೆಸರೇ, ಗಂಡನದ್ದಲ್ಲ. ಡಿಜಿಟಲ್ ಸಹಿಯೂ ಪ್ಯಾನ್ ಪ್ರಕಾರದ್ದೇ ಬೇಕು, ಕ್ಲಾಸ್ 3. ಹಾಗಾಗಿ ಪ್ಯಾನ್ ತಿದ್ದುಪಡಿ ಇದ್ದರೆ ಅದನ್ನು ಮುಗಿಸದೆ ಡಿಜಿಟಲ್ ಸಹಿಗೆ ದುಡ್ಡು ಕಟ್ಟಬೇಡಿ. ಊರಿನ ಮೆಸ್ಕಾಂ ಲೈಟ್ ಬಿಲ್ ವಿಳಾಸದ ದಾಖಲೆಯಾಗಿ ನಡೆಯುತ್ತದೆ, ಆದರೆ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಬೇಕು.

ಕಚೇರಿ ವಿಳಾಸಕ್ಕೆ ಲೈಟ್ ಬಿಲ್ ಸಾಕು, ಬೆಸ್ಟ್ ಆದರೂ ಸರಿ, ಅದಾನಿ ಆದರೂ ಸರಿ. 2 ತಿಂಗಳಿಗಿಂತ ಹಳೆಯದಾಗಿರಬಾರದು. ಇದಕ್ಕಾಗಿಯೇ ಬಿಲ್ಲನ್ನು ಇನ್ನು ಹೆಸರು ಮಂಜೂರಾದ ಮೇಲೆ ಕೇಳುತ್ತೇವೆ, ಮೊದಲೇ ತಂದರೆ ಸಲ್ಲಿಸುವ ಹೊತ್ತಿಗೆ ಹಳಸಿರುತ್ತದೆ. ಬಿಲ್ ಯಾರ ಹೆಸರಿನಲ್ಲಿದೆಯೋ ಅವರ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಬೇಕು. ಪಗಡಿ (ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಪಡೆದ ಹಳೆಯ ಬಾಡಿಗೆ) ಜಾಗವಾದರೆ, ಅಥವಾ ಬಿಲ್ ತೀರಿಹೋದ ಹಿರಿಯರ ಹೆಸರಿನಲ್ಲೇ ಉಳಿದಿದ್ದರೆ, ಮೊದಲೇ ಬಾಯಿಬಿಟ್ಟು ಹೇಳಿ. ಬಾಡಿಗೆ ಗಾಳೆಯಾದರೆ (ಅಂಗಡಿ ಕೋಣೆ) ನೋಂದಣಿಯಾದ ಲೀವ್ ಆಂಡ್ ಲೈಸೆನ್ಸ್ (ಬಾಡಿಗೆ ಕರಾರು) ಪತ್ರ ತನ್ನಿ.

ಫಿಲಿಪ್‌ನಲ್ಲಿ ತುಂಬುವ ಉದ್ಯಮದ ಸಂಕೇತ ಸಂಖ್ಯೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಾರ್ ಇಲ್ಲದ ರೆಸ್ಟೋರೆಂಟ್ 56101, ಬಾರ್ ಇರುವುದು 56301. ಬಂಡವಾಳ 1 ಲಕ್ಷದವರೆಗೆ ನೋಂದಣಿ ಶುಲ್ಕ 500 ರೂಪಾಯಿ, 5 ಲಕ್ಷದವರೆಗೆ 2,000, 10 ಲಕ್ಷದವರೆಗೆ 4,000.

ಎರಡನೆಯ ಬದಲಾವಣೆ ಒಪ್ಪಂದ ಪತ್ರದ್ದು. ಇನ್ನು ಮುಂದೆ ಪಾಲುದಾರರು ಒಪ್ಪಂದದ ಕರಡು ಓದಿ 'ಸರಿ' ಎನ್ನದೆ ನಾವು ಫಿಲಿಪ್ ಸಲ್ಲಿಸುವುದಿಲ್ಲ. ಹಲವರು ಇದನ್ನು ಆಮೇಲೆ ನೋಡಿಕೊಳ್ಳೋಣ ಅನ್ನುತ್ತಾರೆ. ಆದರೆ ನೋಂದಣಿ ಪ್ರಮಾಣಪತ್ರದ ದಿನದಿಂದ 30 ದಿನದೊಳಗೆ ಒಪ್ಪಂದ ಸಲ್ಲಿಸುವ ಫಾರ್ಮ್ 3 ಹೋಗಬೇಕು, ತಪ್ಪಿದರೆ ದಂಡ ಏರುತ್ತಾ ಹೋಗುತ್ತದೆ. ದಂಡಕ್ಕಿಂತ ದೊಡ್ಡ ಅಪಾಯ ಬೇರೆ: ಒಪ್ಪಂದದಲ್ಲಿ ಬರೆಯದ ವಿಷಯಕ್ಕೆ 2008ರ ಎಲ್‌ಎಲ್‌ಪಿ ಕಾಯ್ದೆಯ ಮೊದಲ ಅನುಸೂಚಿಯೇ ಅನ್ವಯ. ಅದರ ಪ್ರಕಾರ ಲಾಭ ನಷ್ಟ ಎಲ್ಲರಿಗೂ ಸಮಪಾಲು, ಗಲ್ಲಾಪೆಟ್ಟಿಗೆಯ ಮುಂದೆ ಕೂತು ದುಡಿಯುವ ಪಾಲುದಾರನಿಗೆ ಸಂಬಳವೂ ಇಲ್ಲ. ಒಬ್ಬರು 80 ಭಾಗ ಹಣ ಹಾಕಿ ಇನ್ನೊಬ್ಬರು ಬೆವರು ಹಾಕುವ ನಮ್ಮ ಹೋಟೆಲುಗಳಿಗೆ ಇದು ಇಬ್ಬರಿಗೂ ಅನ್ಯಾಯ. ಮಹಾರಾಷ್ಟ್ರದಲ್ಲಿ ಈ ಪತ್ರಕ್ಕೆ ಮುದ್ರಾಂಕ ಶುಲ್ಕ ಬಂಡವಾಳದ ಶೇ. 1. ಅಂದರೆ 5 ಲಕ್ಷಕ್ಕೆ 5,000 ರೂಪಾಯಿ. ಅಂಕೆ ದೊಡ್ಡದಾಗಿ ಕಾಣಲಿ ಎಂದು ಬಂಡವಾಳ ಹಿಗ್ಗಿಸಬೇಡಿ.

ಹಳೆಯ ಪಾರ್ಟ್‌ನರ್‌ಶಿಪ್ ಫರ್ಮನ್ನೇ ಎಲ್‌ಎಲ್‌ಪಿ ಮಾಡುವವರಿಗೆ ಫಿಲಿಪ್ ಜೊತೆ ಫಾರ್ಮ್ 17 ಇದೆ. ಇದ್ದ ಪಾಲುದಾರರೆಲ್ಲ ಬರಬೇಕು, ಹೊಸಬರು ಸೇರುವಂತಿಲ್ಲ. ಮಗನನ್ನು ಸೇರಿಸುವುದಿದ್ದರೆ ಮೊದಲು ಫರ್ಮಿಗೇ ಸೇರಿಸಿ. ಪರಿವರ್ತನೆಯಾದ 15 ದಿನದೊಳಗೆ ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ಗೆ ಫಾರ್ಮ್ 14 ಕೊಡಬೇಕು. ಪ್ಯಾನ್ ಬದಲಾಗುವುದರಿಂದ ಜಿಎಸ್‌ಟಿ ನೋಂದಣಿಯೂ ಹೊಸದು, ಉಳಿದ ತೆರಿಗೆ ಕ್ರೆಡಿಟ್ ಐಟಿಸಿ-02 ಫಾರ್ಮ್ ಮೂಲಕ ವರ್ಗವಾಗಬೇಕು. ಗುಮಾಸ್ತಾ (ಅಂಗಡಿ), ಎಫ್‌ಎಸ್‌ಎಸ್‌ಎಐ (ಆಹಾರ) ಪರವಾನಗಿಗಳು ತಾವಾಗಿ ಹೆಸರು ಬದಲಿಸಿಕೊಳ್ಳುವುದಿಲ್ಲ. ಮುಂದಿನ 12 ತಿಂಗಳು ನಿಮ್ಮ ವ್ಯವಹಾರದ ಪತ್ರಗಳಲ್ಲೆಲ್ಲ ಹಳೆಯ ಫರ್ಮಿನ ಹೆಸರನ್ನೂ ಪರಿವರ್ತನೆಯ ವಿಷಯವನ್ನೂ ನಮೂದಿಸಬೇಕು, ಲೆಟರ್‌ಹೆಡ್ ಅಚ್ಚು ಹಾಕಿಸುವಾಗ ನೆನಪಿರಲಿ.

ಈ ತಿಂಗಳ ಕೊನೆಯೊಳಗೆ ಕಾಗದಪತ್ರ ಪೂರ್ತಿ ಕೊಟ್ಟವರ ಕೆಲಸ ಹಳೆಯ ಕ್ರಮದಲ್ಲೇ ನಡೆಯುತ್ತದೆ. ಉಳಿದವರು ಮೊದಲ ಭೇಟಿಗೆ ಪಾಲುದಾರರೆಲ್ಲರ ಪ್ಯಾನ್, ಆಧಾರ್ ಮತ್ತು ಎರಡು ಹೆಸರು ಬರೆದ ಚೀಟಿ ತಂದರೆ ಸಾಕು.

ಇಂತಿ,
ನಿಮ್ಮ ನೋಂದಣಿ ಮತ್ತು ಲೆಕ್ಕಪತ್ರ ಸೇವಾ ಕಚೇರಿ